ಇಳಿಜಾರಿನ ಕಾರ್ಖಾನೆ

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಹೊರಟ ರೈಲು ವೂಸ್ಟರ್ ದಾಟುತ್ತಲೇ ಬಯಲಿನ ನಡುವೆ ಸಾಲು ಬೆಟ್ಟಗಳು ಕಾಣಿಸಿಕೊಳ್ಳುತ್ತವೆ. ಇವೇ ಮಾಲ್ವರ್ನ್ ಬೆಟ್ಟಗಳು. ಅತಿ ಎತ್ತರದ ಶಿಖರವೇ 425 ಮೀಟರ್. ನಮ್ಮ ಮಲೆನಾಡಿನವರು ಇದನ್ನು ಗುಡ್ಡ ಎಂದಾರು. ಆದರೆ ಸುತ್ತ ಎಲ್ಲವೂ ಸಪಾಟಾಗಿರುವುದರಿಂದ ಅದರ ಗತ್ತೇ ಬೇರೆ. ಇಲ್ಲಿನ ಬುಗ್ಗೆಗಳ ನೀರು ರೋಗ ವಾಸಿಮಾಡುತ್ತದೆಂದು 19ನೇ ಶತಮಾನದಲ್ಲಿ ಸಿರಿವಂತರು ದಂಡುಗಟ್ಟಿ ಬರುತ್ತಿದ್ದರು. ಸಂಗೀತಕಾರ ಎಡ್ವರ್ಡ್ ಎಲ್ಗರ್ ಮಣ್ಣಾಗಿರುವುದೂ ಈ ಬೆಟ್ಟದ ಬುಡದಲ್ಲೇ. ಈ ಬೆಟ್ಟಗಳ ಮಡಿಲಿನ ಮಾಲ್ವರ್ನ್ ಊರಿನ ಪಕ್ಕದ ಮಾಲ್ವರ್ನ್ ಲಿಂಕ್‌ನಲ್ಲಿ, ಪಿಕರ್ಸ್ಲೀ ರಸ್ತೆಗೆ ತಾಗಿದಂತೆ ಕೆಂಪು ಇಟ್ಟಿಗೆಯ ಶೆಡ್ಡುಗಳ ಸಾಲೊಂದಿದೆ. ಮೋರ್ಗನ್ ಸ್ಪೋರ್ಟ್ಸ್ ಕಾರು ತಯಾರಾಗುವುದು ಅಲ್ಲಿ.

ಶೆಡ್ಡುಗಳು ನಿಂತಿರುವ ಜಾಗ ಇಳಿಜಾರು. ದೊಡ್ಡ ಕಾರ್ಖಾನೆಗಳಲ್ಲಿ ಕಾರನ್ನು ಮುಂದಕ್ಕೆ ಸಾಗಿಸುವುದು ಕನ್ವೇಯರ್. ಇಲ್ಲಿ ತಲೆಮಾರುಗಳ ಕಾಲ ಆ ಕೆಲಸ ಮಾಡಿದ್ದು ಮನುಷ್ಯರ ತೋಳು ಮತ್ತು ನೆಲದ ಇಳಿಜಾರು. ಒಂದು ಶೆಡ್ಡಿನ ಕೆಲಸ ಮುಗಿದರೆ ಕಾರನ್ನು ಕೈಯಿಂದಲೇ ತಳ್ಳಿ ಕೆಳಗಿನ ಶೆಡ್ಡಿಗೆ ಇಳಿಸುವುದು. ಬಿಬಿಸಿಯ 1990ರ ‘ಟ್ರಬಲ್‌ಶೂಟರ್’ ಕಾರ್ಯಕ್ರಮಕ್ಕಾಗಿ ಇಲ್ಲಿಗೆ ಬಂದ ಉದ್ಯಮಿ ಸರ್ ಜಾನ್ ಹಾರ್ವೆ ಜೋನ್ಸ್ ಇದನ್ನೆಲ್ಲ ನೋಡಿ ತಲೆ ಕೊಡವಿದರು. ಉತ್ಪಾದನೆ ಹೆಚ್ಚಿಸಿ, ಬೆಲೆ ಏರಿಸಿ, ಪದ್ಧತಿ ಬದಲಿಸಿ ಎಂದು ಬುದ್ಧಿ ಹೇಳಿದರು. ಮಾಲೀಕರಾದ ಪೀಟರ್ ಮೋರ್ಗನ್ ಮತ್ತು ಮಗ ಚಾರ್ಲ್ಸ್ ಒಪ್ಪಲಿಲ್ಲ. ಕಾರು ಬೇಕಾದವರು ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಿದ್ದ ಕಾಲವದು. ಕಾರ್ಯಕ್ರಮ ಪ್ರಸಾರವಾದ ಮೇಲೆ ಆ ಸರದಿ ಇನ್ನಷ್ಟು ಉದ್ದವಾಯಿತು.

ಈ ಕಥೆ ಮೋರ್ಗನ್ ಅಭಿಮಾನಿಗಳಿಗೆ ಬಲು ಪ್ರೀತಿ. ಹಠ ಗೆದ್ದಿತು, ಹಳೆಯದು ಉಳಿಯಿತು ಎಂದು ಅವರು ಹೇಳಿಕೊಳ್ಳುತ್ತಾರೆ. ನನಗೇನೋ ಅದು ಅರ್ಧ ಕಥೆ ಅನ್ನಿಸುತ್ತದೆ. ಮೋರ್ಗನ್ ಉಳಿದದ್ದು ಬದಲಾಗದೆ ಅಲ್ಲ. ಕಣ್ಣಿಗೆ ಕಾಣುವುದನ್ನು ಹಾಗೆಯೇ ಇಟ್ಟು, ಕಾಣದ್ದನ್ನು ಬೇಕೆಂದಾಗಲೆಲ್ಲ ಬದಲಿಸಿಕೊಂಡು ಬಂದಿದೆ.

ಶುರುವಿನಿಂದಲೇ ಹಾಗೆ. ಕಂಪನಿ ಕಟ್ಟಿದ ಎಚ್.ಎಫ್.ಎಸ್. ಮೋರ್ಗನ್ ಪಾದ್ರಿಯ ಮಗ. ಸ್ವಿಂಡನ್ನಿನ ರೈಲ್ವೆ ಕಾರ್ಯಾಗಾರದಲ್ಲಿ ಕೆಲಸ ಕಲಿತವರು. ಮಾಲ್ವರ್ನ್ ಲಿಂಕ್‌ನಲ್ಲಿ ಗ್ಯಾರೇಜ್ ಇಟ್ಟುಕೊಂಡು, 1909ರಲ್ಲಿ ಮಾಲ್ವರ್ನ್ ಕಾಲೇಜಿನ ಎಂಜಿನಿಯರಿಂಗ್ ಮೇಷ್ಟ್ರು ಸ್ಟೀಫನ್‌ಸನ್ ಪೀಚ್ ಅವರ ನೆರವಿನಿಂದ ಮೂರು ಚಕ್ರದ ಗಾಡಿಯೊಂದನ್ನು ಕಟ್ಟಿದರು. ಮುಂದೆ ಎರಡು ಚಕ್ರ, ಹಿಂದೆ ಒಂದು. ಎಂಜಿನ್ ಮಾತ್ರ ಕೊಂಡು ತಂದದ್ದು. ಮೂರು ಚಕ್ರದ ಹಗುರ ಗಾಡಿಗೆ ಬ್ರಿಟನ್ನಿನಲ್ಲಿ ಕಾರಿನಷ್ಟು ತೆರಿಗೆ ಇರಲಿಲ್ಲ. ಮೋಟಾರ್ ಸೈಕಲ್ಲಿನ ಲೆಕ್ಕಕ್ಕೆ ಬರುತ್ತಿತ್ತು. ಕಾರು ಕೊಳ್ಳಲಾಗದವರಿಗೆ ಇದೇ ಕಾರಾಯಿತು. 1910ರಲ್ಲಿ ಲಂಡನ್ನಿನ ಒಲಿಂಪಿಯಾ ವಾಹನ ಪ್ರದರ್ಶನಕ್ಕೆ ಒಂದೇ ಸೀಟಿನ ಗಾಡಿ ಒಯ್ದಾಗ ಕೊಳ್ಳುವವರು ಹೆಚ್ಚು ಸಿಗಲಿಲ್ಲ. ಮರುವರ್ಷ ಎರಡು ಸೀಟು ಹಾಕಿದ್ದೇ ತಡ, ಲಂಡನ್ನಿನ ಹ್ಯಾರಡ್ಸ್ ಅಂಗಡಿ ಅದನ್ನು ತನ್ನ ಗಾಜಿನ ಕಿಟಕಿಯಲ್ಲೇ ನಿಲ್ಲಿಸಿತು. ತಂದೆ ಹಣ ಹಾಕಿದರು. 1912ರಲ್ಲಿ ಕಂಪನಿಯಾದಾಗ ಪಾದ್ರಿಯವರೇ ಅಧ್ಯಕ್ಷರು.

ಗಾಡಿ ಪುಟ್ಟದಾದರೂ ಓಟದಲ್ಲಿ ಪುಂಡ. 1913ರಲ್ಲಿ ಫ್ರಾನ್ಸಿನ ಆಮಿಯಾನ್‌ನಲ್ಲಿ ನಡೆದ ಸೈಕಲ್‌ಕಾರ್ ಎಂಬ ಹಗುರ ಗಾಡಿಗಳ ಸ್ಪರ್ಧೆಯಲ್ಲಿ ಮ್ಯಾಕ್‌ಮಿನ್ನಿಸ್ ಎಂಬವರು ಮೋರ್ಗನ್ ಓಡಿಸಿ ಗೆದ್ದರು. ಮುಂದೆ ಗ್ವೆಂಡಾ ಹಾಕ್ಸ್ ಎಂಬ ಮಹಿಳೆ ಪ್ಯಾರಿಸ್ ಬಳಿಯ ಮೊಂಟ್ಲೇರಿ ಟ್ರ್ಯಾಕಿನಲ್ಲಿ ಇದೇ ಮೂರು ಚಕ್ರದ ಮೇಲೆ ಗಂಟೆಗೆ 100 ಮೈಲಿ ಮೀರಿದ ವೇಗದಲ್ಲಿ ದಾಖಲೆ ಬರೆದರು. ಆದರೆ 1922ರಲ್ಲಿ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರು ಬಂದ ಮೇಲೆ ನಾಲ್ಕು ಚಕ್ರದ ಕಾರೇ ಅಗ್ಗವಾಗತೊಡಗಿತು. ಮೂವತ್ತರ ದಶಕದಲ್ಲಿ ಕಾರಿನ ತೆರಿಗೆಯೂ ಇಳಿಯಿತು. ಮೋರ್ಗನ್ 1936ರಲ್ಲಿ 4-4 ಎಂಬ ಕಾರು ಹೊರತಂದಿತು: ನಾಲ್ಕು ಚಕ್ರ, ನಾಲ್ಕು ಸಿಲಿಂಡರ್.

ಎಲ್ಲ ಕಡೆ ಹಬ್ಬಿರುವ ಒಂದು ತಪ್ಪು ತಿಳಿವಳಿಕೆಯೆಂದರೆ ಮೋರ್ಗನ್ನಿನ ಚಾಸಿ, ಅಂದರೆ ಕಾರಿನ ಅಡಿಯ ಚೌಕಟ್ಟು, ಮರದ್ದು ಎಂಬುದು. ಚಾಸಿ ಲೋಹದ್ದು. ಮರವಿರುವುದು ಅದರ ಮೇಲೆ ಕೂರುವ ಬಾಡಿಯ ಹಂದರದಲ್ಲಿ. ಆ್ಯಶ್ ಎಂಬ ಮರ ಗಟ್ಟಿ, ಆದರೆ ಬಾಗುತ್ತದೆ. ನಮ್ಮಲ್ಲಿ ಎತ್ತಿನಗಾಡಿ ಕಟ್ಟುವ ಬಡಗಿ ಮರ ಆರಿಸುವಾಗ ನೋಡುವಂಥದೇ ಗುಣ. ಹಿಂಚಕ್ರದ ಮೇಲಿನ ಕಮಾನು ಮಾಡುವುದನ್ನು ನೋಡಬೇಕು. ತೆಳ್ಳಗೆ ಸೀಳಿದ ಮೂರು ಪಟ್ಟಿಗಳಿಗೆ ಅಂಟು ಬಳಿದು, ಒಂದರ ಮೇಲೊಂದಿಟ್ಟು, ಕಮಾನಿನಾಕಾರದ ಮರದ ಅಚ್ಚಿಗೆ ಬಾಗಿಸಿ ಕ್ಲ್ಯಾಂಪ್ ಬಿಗಿಯುತ್ತಾರೆ. ಅಂಟು ಒಣಗಿ ಬಿಚ್ಚಿದಾಗ ಪಟ್ಟಿಗಳು ಮತ್ತೆ ನೇರವಾಗುವುದಿಲ್ಲ. ಆಮೇಲೆ ಆಚೀಚೆ ಉಕ್ಕಿದ ಅಂಟನ್ನೂ ಅಂಚನ್ನೂ ಬಡಗಿ ಕೈಯಲ್ಲೇ ಹೆರೆದು ನಯ ಮಾಡುತ್ತಾನೆ. ತಗಡು ಕೆಲಸವೂ ಹೀಗೇ. ಬಾನೆಟ್ಟನ್ನು ಆಯಾ ಕಾರಿಗೇ ಅಳತೆ ನೋಡಿ ಕೂರಿಸಿದ ಕಾಲದ ಗಾಡಿಗಳಲ್ಲಿ ಒಂದರದು ಇನ್ನೊಂದಕ್ಕೆ ಸರಿಯಾಗಿ ಹೊಂದುವುದು ಕಷ್ಟ. ಗ್ಯಾರೇಜಿನವರಿಗೆ ಇದು ತಲೆನೋವು. ಮಾಲೀಕರಿಗೆ ಹೆಮ್ಮೆ.

ರೇಸಿನ ಮಂದಿ ಇಂದಿಗೂ ನೆನೆಯುವುದು 1962ರಲ್ಲಿ ಫ್ರಾನ್ಸಿನ ಲ ಮಾನ್‌ನಲ್ಲಿ ನಡೆದ 24 ತಾಸಿನ ಓಟವನ್ನು. ಕ್ರಿಸ್ ಲಾರೆನ್ಸ್ ಮತ್ತು ರಿಚರ್ಡ್ ಶೆಪರ್ಡ್ ಬ್ಯಾರನ್ ಸರದಿಯ ಮೇಲೆ ಓಡಿಸಿದ ಹಸಿರು ಮೋರ್ಗನ್ ಪ್ಲಸ್ ಫೋರ್, ನೋಂದಣಿ ಟಿಒಕೆ 258, ಎರಡು ಲೀಟರ್ ವರ್ಗದಲ್ಲಿ ಗೆದ್ದಿತು. ಹಿಂದಿನ ವರ್ಷ ಇದೇ ಓಟಕ್ಕೆ ಅವರಿಗೆ ಪ್ರವೇಶ ಸಿಕ್ಕಿರಲಿಲ್ಲ. ಕಾರು ತೀರಾ ಹಳೇ ಕಾಲದ್ದಾಗಿ ಕಂಡದ್ದೇ ಕಾರಣವೆಂದು ಮೋರ್ಗನ್ ವಲಯದಲ್ಲಿ ಈಗಲೂ ಹೇಳುತ್ತಾರೆ. ಆ ಗೆಲುವಿನ ಬೆನ್ನಿಗೇ, ಕಾಲಕ್ಕೆ ತಕ್ಕಂತೆ ಇರಲೆಂದು ಕಂಪನಿಯವರು ಫೈಬರ್‌ಗ್ಲಾಸ್ ಮೈಯ ಪ್ಲಸ್ ಫೋರ್ ಪ್ಲಸ್ ಎಂಬ ಕಾರನ್ನೂ ಮಾಡಿ ನೋಡಿದರು. ಆದದ್ದು ಬರೀ 26. ಮೈ ಬದಲಿಸಿದರೆ ಗಿರಾಕಿ ಬರುವುದಿಲ್ಲ ಎಂಬುದು ಕಂಪನಿಗೆ ಅಲ್ಲಿಗೆ ಖಚಿತವಾಯಿತು.

ಎಂಜಿನ್ ಬದಲಿಸಿದರೆ ಯಾರೂ ಮುನಿಯಲಿಲ್ಲ. ಜೆಎಪಿ, ಮ್ಯಾಚ್‌ಲೆಸ್, ಕಾವೆಂಟ್ರಿ ಕ್ಲೈಮ್ಯಾಕ್ಸ್, ಸ್ಟ್ಯಾಂಡರ್ಡ್, ಟ್ರಯಂಫ್, ಫೋರ್ಡ್, ಫಿಯೆಟ್, ರೋವರ್, ಬಿಎಂಡಬ್ಲ್ಯು: ಯಾರಲ್ಲಿ ಒಳ್ಳೆಯದು ಸಿಕ್ಕಿತೋ ಅವರಿಂದ ತಂದರು. ಎಂಜಿನ್ ವಿನ್ಯಾಸಕ್ಕೆ, ಎರಕಕ್ಕೆ, ಪರೀಕ್ಷೆಗೆ ಸುರಿಯಬೇಕಾದ ದುಡ್ಡು ಸಣ್ಣ ಕಂಪನಿಗಳನ್ನು ಮುಳುಗಿಸುತ್ತದೆ. ಮೋರ್ಗನ್ ಆ ಹೊರೆ ಹೊರಲೇ ಇಲ್ಲ. ಕೊಡುವವರು ಕೈಬಿಟ್ಟಾಗ ಪರದಾಟವಂತೂ ತಪ್ಪುತ್ತಿರಲಿಲ್ಲ. ಟ್ರಯಂಫ್ ಆರು ಸಿಲಿಂಡರಿಗೆ ಹೊರಳಿದಾಗ ಆ ಉದ್ದದ ಎಂಜಿನ್ ಇವರ ಬಾನೆಟ್ಟಿನಡಿ ಕೂರಲಿಲ್ಲ. ಬದಲಿಗೆ ರೋವರ್‌ನ 3.5 ಲೀಟರ್ ವಿ8 ಕೂರಿಸಿದರು. 1968ರಲ್ಲಿ ಬಂದ ಆ ಪ್ಲಸ್ ಎಯ್ಟ್ 2004ರವರೆಗೂ ಮಾರಾಟವಾಯಿತು.

ಇತ್ತೀಚಿನ ಬದಲಾವಣೆಗಳು ಇನ್ನೂ ದೊಡ್ಡವು. ಎಚ್.ಎಫ್.ಎಸ್. 1959ರಲ್ಲಿ ತೀರಿಕೊಂಡರು, ಅವರ ಮಗ ಪೀಟರ್ 2003ರಲ್ಲಿ. ಚಾರ್ಲ್ಸ್ ಅವರನ್ನು 2013ರಲ್ಲಿ ಕಂಪನಿಯ ಆಡಳಿತದಿಂದ ಹೊರಗಿಟ್ಟರು. 2019ರಲ್ಲಿ ಇಟಲಿ ಮೂಲದ ಹೂಡಿಕೆ ಸಂಸ್ಥೆ ಇನ್ವೆಸ್ಟ್‌ಇಂಡಸ್ಟ್ರಿಯಲ್ ಹೆಚ್ಚಿನ ಪಾಲು ಕೊಂಡಿತು; ಕುಟುಂಬದ ಕೈಲಿ ಸಣ್ಣ ಪಾಲಷ್ಟೇ ಉಳಿಯಿತು. 1936ರ ಮೂಲದ ಉಕ್ಕಿನ ಚಾಸಿಯೂ 2020ಕ್ಕೆ ಮುಗಿಯಿತು. ಈಗ ಅಲ್ಯೂಮಿನಿಯಂ ಹಲಗೆಗಳನ್ನು ಅಂಟಿನಿಂದ ಬೆಸೆದ ಹೊಸ ಚಾಸಿ, ಅದರ ಮೇಲೆ ಅದೇ ಆ್ಯಶ್ ಹಂದರ. ಹಳೇ ಅಭಿಮಾನಿಗಳು ಒಂದಿಷ್ಟು ಗೊಣಗಿದರು, ಆಮೇಲೆ ಕೊಂಡರು. ಅವರು ಬಯಸಿದ್ದ ಉದ್ದ ಮೂಗು, ತೆರೆದ ತಲೆ, ಇಳಿಬಿದ್ದ ಮಡ್‌ಗಾರ್ಡು ಅಲ್ಲೇ ಇದ್ದವಲ್ಲ!

ನೋಡಲು ಹೋಗುವವರಿಗೆ ಒಂದು ಮಾತು. ಮುಂಗಡ ಕಾಯ್ದಿರಿಸಿ ಟಿಕೆಟ್ ಕೊಂಡರೆ ಕಾರ್ಖಾನೆಯೊಳಗೆ ಸುತ್ತಾಡಿಸುತ್ತಾರೆ. ಬಡಗಿಗಳ ಶೆಡ್ಡಿನಲ್ಲಿ ತುಸು ಹೆಚ್ಚು ಹೊತ್ತು ನಿಲ್ಲಿ. ಕೊಳ್ಳುವಷ್ಟು ದುಡ್ಡಿಲ್ಲದವರು ಒಂದು ದಿನದ ಮಟ್ಟಿಗೆ ಕಾರನ್ನು ಬಾಡಿಗೆಗೆ ಪಡೆದು ಬೆಟ್ಟದ ರಸ್ತೆ ಹಿಡಿಯಬಹುದು. ಇಂಗ್ಲೆಂಡಿನ ಮಳೆಗೆ ಹೇಳಿ ಕೇಳಿ ಬರುವ ರೂಢಿಯಿಲ್ಲ. ಹೊರಡುವ ಮುಂಚೆ ಮೇಲಿನ ಬಟ್ಟೆಯ ಟಾಪ್ ಹಾಕುವುದು ಹೇಗೆಂದು ಅಲ್ಲಿಯವರನ್ನೇ ಕೇಳಿ ಕಲಿತುಕೊಳ್ಳುವುದು ಒಳ್ಳೆಯದು.