ಸ್ಟೇಟಸ್ 'ಸಕ್ಸಸ್' ಅಂದರೆ ದುಡ್ಡು ಕೈಸೇರಿತೇ?

ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲಿ ತಿಂಗಳು ತಿಂಗಳೂ ಕೇಳುವ ಮಾತು ಒಂದೇ: ದುಡ್ಡು ಬಂತಾ? ಗೃಹಲಕ್ಷ್ಮಿಯ 2,000 ರೂಪಾಯಿ, ಡೇರಿಗೆ ಹಾಲು ಹಾಕುವವರಿಗೆ ಸರ್ಕಾರ ಕೊಡುವ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ, ಪಿಎಂ ಕಿಸಾನ್ ಕಂತು, ಎಲ್ಲವೂ ಬ್ಯಾಚ್‌ಗಳಲ್ಲಿ ಹೋಗುವ ಹಣ. ಬ್ಯಾಚ್‌ನ ಸ್ಥಿತಿ ಓದಲು ಬಾರದೆ ಕೂಲಿ ಬಿಟ್ಟು ಅಲೆಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

"ಸಕ್ಸಸ್ ಅಂತ ತೋರಿಸ್ತದೆ, ಅಂದ್ಮೇಲೆ ಬಂದೇ ಬಂದದೆ."

ಇದೇ ದೊಡ್ಡ ತಪ್ಪು. ಇಲಾಖೆ ಒಂದೊಂದೇ ಹೆಸರಿಗೆ ಹಣ ಹಾಕುತ್ತಾ ಕೂರುವುದಿಲ್ಲ. ಸಾವಿರಾರು ಸಾಲುಗಳ ಪಟ್ಟಿ ತಯಾರಾಗಿ, ಅನುಮೋದನೆ ಪಡೆದು, ಖಜಾನೆ ದಾಟಿ, ಬ್ಯಾಂಕುಗಳ ನಡುವೆ ಪಾವತಿ ಸಾಗಿಸುವ ಸಂಸ್ಥೆಯಾದ ಎನ್‌ಪಿಸಿಐ ಮೂಲಕ ಬ್ಯಾಂಕುಗಳಿಗೆ ಹಂಚಿಹೋಗುತ್ತದೆ. ಡೇಟಾಬೇಸ್‌ನಲ್ಲಿ ಬ್ಯಾಚ್ 'ಮುಗಿದಿದೆ' ಎಂದರೆ ಕೊನೆಯ ಸಾಲಿನವರೆಗೂ ಕೆಲಸ ನಡೆಯಿತು ಎಂದಷ್ಟೇ ಅರ್ಥ. ನಡುವೆ ಹತ್ತು ಸಾಲು ಬಿದ್ದುಹೋಗಿದ್ದರೂ ಬ್ಯಾಚ್ ಮುಗಿದೇ ಇರುತ್ತದೆ. ಖಾತೆ ಮುಚ್ಚಿದೆ, ಆಧಾರ್ ಜೋಡಣೆಯಿಲ್ಲ ಎಂಬ ಕಾರಣ ಹೊತ್ತ ಉತ್ತರ ಬ್ಯಾಂಕಿನಿಂದ ಆಮೇಲೆ ಬರುತ್ತದೆ. ಹಾಗಾಗಿ 'ಹಣ ಬಿಟ್ಟಿದ್ದಾರಾ' ಎಂದು ಕೇಳಿ ಪ್ರಯೋಜನವಿಲ್ಲ. ನನ್ನ ಹೆಸರಿನ ಸಾಲಿಗೆ ಏನಾಯಿತು, ಯುಟಿಆರ್ ಸಂಖ್ಯೆ (ಆ ಪಾವತಿಯ ಗುರುತು ಸಂಖ್ಯೆ) ಇದೆಯೇ, ವಾಪಸಾಗಿದ್ದರೆ ಕಾರಣವೇನು ಎಂದು ಕೇಳಿ. ಪರದೆ ನೋಡಿ 'ಹೋಗಿದೆ' ಎಂದಷ್ಟೇ ಹೇಳಿ ಕಳಿಸುವುದು ಅನ್ಯಾಯ; ಕಾರಣ ತಿಳಿಯುವ ಹಕ್ಕು ಕೇಳಲು ಬಂದವರಿಗಿದೆ.

"ಪಾಸ್‌ಬುಕ್ಕಲ್ಲಿಲ್ಲ, ಅಂದ್ರೆ ಬಂದಿಲ್ಲ."

ಯಾವ ಪಾಸ್‌ಬುಕ್? ಆಧಾರ್ ಆಧಾರಿತ ಪಾವತಿ ನೀವು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಯನ್ನು ನೋಡುವುದಿಲ್ಲ. ಯಾವ ಆಧಾರ್‌ಗೆ ಯಾವ ಬ್ಯಾಂಕ್ ಎಂಬ ಪಟ್ಟಿಯಾದ ಎನ್‌ಪಿಸಿಐ ಮ್ಯಾಪರ್‌ನಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್; ಕೊನೆಗೆ ಒಪ್ಪಿಗೆ ಕೊಟ್ಟು ಜೋಡಿಸಿದ್ದು ಯಾವುದೋ ಅದು. ಮಳವಳ್ಳಿಯಲ್ಲಿ ಹಳೇ ಖಾತೆ ಇಟ್ಟುಕೊಂಡು, ಬೆಳೆಸಾಲಕ್ಕೆಂದು ಮಂಡ್ಯದ ಇನ್ನೊಂದು ಬ್ಯಾಂಕಿನಲ್ಲಿ ಆಧಾರ್ ಜೋಡಿಸಿದರೆ ಮುಂದಿನ ಕಂತು ಅಲ್ಲಿಗೇ. ಖಾತೆಗೆ ಕೆವೈಸಿಗಾಗಿ ಆಧಾರ್ ಕೊಟ್ಟಿರುವುದೇ ಬೇರೆ, ಮ್ಯಾಪರ್‌ಗೆ ಸೇರಿರುವುದೇ ಬೇರೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಒಟಿಪಿ ಕೊಟ್ಟರೆ ಬ್ಯಾಂಕಿನ ಹೆಸರು ಕಾಣುತ್ತದೆ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಯೋಜನೆಯ ಹಣ ಯಾವಾಗ ಬಂತು ಎಂಬುದೂ ಸಿಗುತ್ತದೆ.

"ಪಕ್ಕದ ಮನೆಗೆ ಬಂತು, ನಮ್ಮದನ್ನ ಯಾರೋ ತಡೆದವ್ರೆ."

ಸರದಿ ತಪ್ಪಿದರೆ ಯಾರೋ ತಡೆದಿದ್ದಾರೆ ಎಂಬ ಲೆಕ್ಕ ಪಹಣಿಗೆ ಸರಿ. ಪಹಣಿ ಗಣಕೀಕರಣದ 'ಭೂಮಿ' ಯೋಜನೆಯ ಮೊದಲ ಪ್ರಯೋಗ 1999ರಲ್ಲಿ ನಡೆದದ್ದು ಮದ್ದೂರು ತಾಲ್ಲೂಕಿನಲ್ಲೇ. ಅಲ್ಲಿ ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಂತೆ ವಿಲೇವಾರಿಯಾಗಬೇಕು, ಹಿಂದಿನದು ಮುಂದೆ ಹಾರಿದರೆ ಅನುಮಾನಪಡುವುದು ಸರಿ. ಪಾವತಿಗೆ ಆ ಲೆಕ್ಕ ಒಪ್ಪುವುದಿಲ್ಲ. ಅಕ್ಕಪಕ್ಕದ ಮನೆಯವರೇ ಬೇರೆ ಬೇರೆ ಬ್ಯಾಚಿನಲ್ಲಿರಬಹುದು, ಬ್ಯಾಂಕುಗಳೂ ಬೇರೆಯಿರಬಹುದು.

"ಇನ್ನೊಂದ್ ಸಲ ಅರ್ಜಿ ಹಾಕಿದ್ರೆ ಬೇಗ ಬತ್ತದೆ."

ಬರುವುದಿಲ್ಲ. 'ಬಾಕಿ' ಎಂದಿದ್ದರೆ ಅದು ತಿರಸ್ಕಾರವಲ್ಲ, ಸಾಲು ಇನ್ನೂ ದಾರಿಯಲ್ಲಿದೆ. ತಿರಸ್ಕಾರವೇ ಆಗಿದ್ದರೆ ಮೊದಲು ಬ್ಯಾಂಕಿನಲ್ಲಿ ಕಾರಣ ಸರಿಪಡಿಸಿಕೊಳ್ಳಿ. ಆಮೇಲೆ ಆ ಕಂತನ್ನು ಮತ್ತೆ ಪಾವತಿಸುವ ಪಟ್ಟಿಗೆ ಸೇರಿಸಿದ್ದಾರೆಯೇ ಎಂದು ವಿಚಾರಿಸಿ: ಗೃಹಲಕ್ಷ್ಮಿಗೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿ, ಹಾಲಿನ ಪ್ರೋತ್ಸಾಹಧನಕ್ಕೆ ಊರಿನ ಡೇರಿ ಕಾರ್ಯದರ್ಶಿ. ಡೇರಿಯ ಬಟವಾಡೆ ಬಂದಿದ್ದರೂ ಈ 5 ರೂಪಾಯಿಯ ಲೆಕ್ಕ ಬೇರೆಯೇ, ಅದನ್ನು ಬಿಡಿಸಿ ಕೇಳಿ.