ಗೌಜಲ ಮರಿಗಳ ಮೊದಲ ಹತ್ತು ದಿನ

ಕಾಫಿಯ ಹಣವೂ ಅಡಿಕೆಯ ಹಣವೂ ಬೆಳೆಗಾರನ ಕೈಗೆ ಬರುವುದು ವರ್ಷಕ್ಕೊಮ್ಮೆ. ನಡುವಿನ ತಿಂಗಳುಗಳ ಖರ್ಚಿಗೆ ಒದಗೀತೆಂದು ಗೌಜಲ ಹಕ್ಕಿ ಸಾಕಲು ನಮ್ಮ ಸದಸ್ಯರಲ್ಲಿ ಕೆಲವರು ಮನಸ್ಸು ಮಾಡಿದ್ದಾರೆ. ಐದಾರು ವಾರಕ್ಕೆ ಮಾಂಸಕ್ಕೆ ಬರುವ, ಏಳನೆಯ ವಾರದ ಹೊತ್ತಿಗೆ ಮೊಟ್ಟೆ ಇಡತೊಡಗುವ ಈ ಹಕ್ಕಿ ಸಣ್ಣ ಹಿಡುವಳಿಗೆ ಒಗ್ಗುವಂಥದು. ಆದರೆ ಲಾಭ ನಷ್ಟ ಬಹುಮಟ್ಟಿಗೆ ತೀರ್ಮಾನವಾಗುವುದು ಮೊದಲ ಹತ್ತು ದಿನಗಳಲ್ಲೇ. ಆದ್ದರಿಂದ ಆ ದಿನಗಳ ಆರೈಕೆಯನ್ನಷ್ಟೇ ಇಲ್ಲಿ ವಿವರಿಸುತ್ತೇವೆ.

ನಾವು ಹೇಳುತ್ತಿರುವುದು 1974ರಲ್ಲಿ ನಮ್ಮ ದೇಶಕ್ಕೆ ತರಲಾದ ಜಪಾನಿ ಗೌಜಲನ್ನು ಕುರಿತು. ತೋಟದ ಬೇಲಿಯ ಪೊದೆಗಳಲ್ಲಿ ಕಾಣುವ ಕಾಡು ಗೌಜಲು ಬೇರೆ. ಅದನ್ನು ಹಿಡಿಯುವುದೂ ಅದರ ಮೊಟ್ಟೆ ತರುವುದೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಶಾಖವೇ ತಾಯಿ

ಸಾಕು ಗೌಜಲು ಕಾವು ಕೂರುವ ಗುಣವನ್ನೇ ಬಹುತೇಕ ಕಳೆದುಕೊಂಡಿದೆ. ಮೊಟ್ಟೆಗಳನ್ನು ಯಂತ್ರದಲ್ಲಿಟ್ಟು 17-18 ದಿನಕ್ಕೆ ಮರಿ ಮಾಡಿಸುತ್ತಾರೆ. ಆಗ ಮರಿಯ ತೂಕ 7-8 ಗ್ರಾಂ, ಎಂದರೆ ಸುಲಿದ ಒಂದು ಚಾಲಿ ಅಡಿಕೆಯಷ್ಟು. ಇಷ್ಟು ಸಣ್ಣ ಮೈ ತನ್ನ ಶಾಖವನ್ನು ತಾನೇ ಹಿಡಿದಿಟ್ಟುಕೊಳ್ಳಲಾರದು. ತಾಯಿಯ ರೆಕ್ಕೆಯ ಕೆಲಸವನ್ನು ನಾವೇ ಮಾಡಬೇಕು.

ನೂರು ಮರಿಗೆ ಸುಮಾರು 4 ಅಡಿ ಅಗಲದ, ಒಂದೂವರೆ ಅಡಿ ಎತ್ತರದ ದುಂಡನೆಯ ಆವರಣ ಸಾಕು. ಮೂಲೆಗಳಿದ್ದರೆ ಮರಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ. ಮರಿಗಳ ಮಟ್ಟದಲ್ಲಿ ಮೊದಲ ವಾರ 35ರಿಂದ 37 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು. ಬಳಿಕ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಹೋಗಬಹುದು. 60 ವಾಟಿನ ಎರಡು ಹಳೆಯ ಮಾದರಿಯ ಬಲ್ಬುಗಳನ್ನು ತೂಗುಹಾಕಿ ಆರಂಭಿಸಿ. ಒಂದು ಕೆಟ್ಟರೂ ಇನ್ನೊಂದು ಇರುತ್ತದೆ. ಎಲ್‌ಇಡಿ ಬಲ್ಬು ಬೆಳಕು ಕೊಟ್ಟೀತೇ ಹೊರತು ಮರಿಗೆ ಬೇಕಾದ ಶಾಖ ಕೊಡದು. ಹಳೆಯ ಬಲ್ಬು ಸಿಗದಿದ್ದಲ್ಲಿ ಕೋಳಿ ಮರಿಗಳಿಗೆ ಬಳಸುವ ಶಾಖದ ದೀಪ ತರಬೇಕು.

ಥರ್ಮಾಮೀಟರಿಗಿಂತ ಮರಿಗಳನ್ನೇ ನೋಡುವುದು ಮೇಲು. ದೀಪದ ಕೆಳಗೆ ಗುಂಪುಗೂಡಿ ಚೀರುತ್ತಿದ್ದರೆ ಚಳಿ, ದೀಪವನ್ನು ತಗ್ಗಿಸಿ. ಅಂಚಿಗೆ ಸರಿದು ಬಾಯಿ ತೆರೆದು ಏದುತ್ತಿದ್ದರೆ ಸೆಕೆ, ಎತ್ತರಿಸಿ. ಒಂದೇ ಬದಿಗೆ ಸೇರಿದ್ದರೆ ಎಲ್ಲಿಂದಲೋ ಗಾಳಿ ಬೀಸುತ್ತಿದೆಯೆಂದು ತಿಳಿಯಿರಿ. ಎಲ್ಲೆಡೆ ಹರಡಿಕೊಂಡು ತಿನ್ನುತ್ತ ಓಡಾಡುತ್ತಿದ್ದರೆ ಶಾಖ ಸರಿಯಾಗಿದೆ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟನ್ನು ನಂಬುವಂತಿಲ್ಲ. ರಾತ್ರಿ ಒಂದೆರಡು ಗಂಟೆ ಹೋದರೂ ಇಡೀ ತಂಡ ಕೈಬಿಡಬಹುದು. ಬಚ್ಚಲ ಹಂಡೆಯ ಬಿಸಿನೀರನ್ನು ಬಿಗಿ ಮುಚ್ಚಳದ ಸ್ಟೀಲ್ ಕ್ಯಾನಿಗೆ ತುಂಬಿ, ಬಟ್ಟೆ ಸುತ್ತಿ ಆವರಣದ ನಡುವೆ ಇಟ್ಟು, ಮೇಲೆ ಗಾಳಿಯಾಡುವಂತೆ ಅರ್ಧ ಹೊದಿಸಿದರೆ ಆ ಹೊತ್ತು ಕಳೆಯುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಒಲೆ ಮಾತ್ರ ಇಡಕೂಡದು. ಕಣ್ಣಿಗೆ ಕಾಣದ ಅದರ ವಿಷಗಾಳಿ ಮರಿಗೂ ಮನುಷ್ಯನಿಗೂ ಮಾರಕ.

ನೆಲ, ನೀರು, ಆಹಾರ

ನುಣುಪಾದ ನೆಲದಲ್ಲಿ ಮರಿಯ ಕಾಲುಗಳು ಎರಡು ಬದಿಗೆ ಜಾರಿ, ಮತ್ತೆ ನಿಲ್ಲಲಾರದ ಹಾಗಾಗುತ್ತದೆ. ಹಾಗಾಗಿ ಬರಿಯ ಪತ್ರಿಕೆ, ಪ್ಲಾಸ್ಟಿಕ್, ಅಡಿಕೆ ಹಾಳೆ ಇವು ಸಲ್ಲವು. ಭತ್ತದ ಹೊಟ್ಟು ಹರಡಿ, ಅದರ ಮೇಲೆ ಮೊದಲ ಕೆಲವು ದಿನ ಏಣುಗಳಿರುವ ರಟ್ಟನ್ನೋ ಎಳೆ ಬಿಡದ ಶುದ್ಧ ಗೋಣಿಯನ್ನೋ ಹಾಸಬೇಕು. ಗೊಬ್ಬರ, ಔಷಧಿ ತುಂಬಿದ್ದ ಚೀಲ ಬೇಡ. ಒದ್ದೆಯಾದುದನ್ನು ಆ ದಿನವೇ ಬದಲಿಸಿ.

ಗೌಜಲ ಮರಿ ಅರ್ಧ ಅಂಗುಲದ ನೀರಿನಲ್ಲೂ ಮುಳುಗಿ ಸಾಯುತ್ತದೆ. ಮುಳುಗದಿದ್ದರೂ ಮೈ ನೆನೆದರೆ ಚಳಿಯಿಂದ ಸಾಯುತ್ತದೆ. ಆಳವಿಲ್ಲದ ತಟ್ಟೆಯಲ್ಲಿ ಗೋಲಿಗಳನ್ನೋ ತೊಳೆದ ಹರಳುಕಲ್ಲುಗಳನ್ನೋ ತುಂಬಿ, ಸಂದಿಯಲ್ಲಿ ಕೊಕ್ಕು ಮಾತ್ರ ಹೋಗುವಷ್ಟು ಉಗುರುಬೆಚ್ಚಗಿನ ನೀರು ಹಾಕಿ. ಹತ್ತು ದಿನದವರೆಗೂ ಹೀಗೇ ನಡೆಯಲಿ. ಮರಿಗಳು ಬಂದ ಕೂಡಲೇ ಕೆಲವದರ ಕೊಕ್ಕನ್ನು ನೀರಿಗೆ ಮುಟ್ಟಿಸಿದರೆ ಉಳಿದವು ನೋಡಿ ಕಲಿಯುತ್ತವೆ.

ಮೊದಲ ಮೂರು ವಾರದ ಆಹಾರದಲ್ಲಿ ಶೇಕಡಾ 24ರಿಂದ 27ರಷ್ಟು ಸಸಾರಜನಕ ಬೇಕು. ಮೊಟ್ಟೆ ಕೋಳಿಯ ಆಹಾರ ಸಲ್ಲದು. ಅದರಲ್ಲಿ ಸಸಾರಜನಕ ಕಡಿಮೆ, ಸುಣ್ಣದಂಶ ಮರಿಗೆ ಅತಿ. ಗೌಜಲ ಮರಿಯ ಆಹಾರ ದೊರೆಯದಿದ್ದರೆ ಮಾಂಸದ ಕೋಳಿಯ ಮೊದಲ ಹಂತದ ಆಹಾರವನ್ನು ಸಣ್ಣ ರವೆಯಂತೆ ಪುಡಿಮಾಡಿ ಕೊಡಬಹುದು. ಮೊದಲ ದಿನ ರಟ್ಟಿನ ಮೇಲೆಯೇ ಚೆಲ್ಲಿದರೆ ಬೇಗ ಹೆಕ್ಕುತ್ತವೆ.

ಇನ್ನೆರಡು ಮಾತು

ಇಲಿ, ಮುಂಗುಸಿ, ಹಾವುಗಳಿಂದ ಕಾಯಲು ಕಾಲು ಅಂಗುಲ ಕಣ್ಣಿನ ಜಾಲರಿ ಹಾಕಿಸಿ. ಅರ್ಧ ಅಂಗುಲದ ಕಣ್ಣಿನಲ್ಲಿ ಮರಿಯೇ ನುಸುಳೀತು. ಮನೆಯ ಕೋಳಿಗಳನ್ನು ಹತ್ತಿರ ಬಿಡಬೇಡಿ. ರೋಗ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಸತ್ತ ಮರಿಯನ್ನು ನಾಯಿಗೆ ಎಸೆಯದೆ ಸುಣ್ಣ ಹಾಕಿ ಹೂಳಬೇಕು. ಶಾಖ, ನೀರು ಸರಿಯಿದ್ದೂ ದಿನದಿನವೂ ಸಾವು ಹೆಚ್ಚುತ್ತಿದ್ದರೆ ಸತ್ತ ಮರಿಯೊಂದಿಗೆ ಪಶುವೈದ್ಯರಲ್ಲಿಗೆ ಹೋಗಿ. ಅಂಗಡಿಯವರು ಹೇಳಿದ ಔಷಧಿಯನ್ನು ನೀರಿಗೆ ಸುರಿಯಬೇಡಿ.

ಐನೂರು ಮರಿಗೆ ಮುಂಗಡ ಕೊಡುವ ಮೊದಲು ನೂರು ಮರಿ ತಂದು ನೋಡಿ, ಅದೂ ಮಳೆ ಕಳೆದ ಮೇಲೆ. ಬಂದವೆಷ್ಟು, ಹತ್ತನೆಯ ದಿನ ಉಳಿದವೆಷ್ಟು ಎಂಬುದನ್ನು ತಪ್ಪದೆ ಬರೆದಿಡಿ. ಮುಂದಿನ ತಂಡ ದೊಡ್ಡದಿರಬೇಕೋ ಬೇಡವೋ ಎಂಬುದನ್ನು ಆ ಲೆಕ್ಕವೇ ಹೇಳುತ್ತದೆ.