ಕ್ಯಾನ್ಸರ್ ನೋಂದಣಿ: ವಿಳಾಸ ಹಾಗೂ ಮರಣಕಾರಣದ ನಿಖರತೆ

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ನಡೆದುಬಂದಿದೆ. ಒಂದು ಪ್ರದೇಶದಲ್ಲಿ ಕನಿಷ್ಠ ಒಂದು ವರ್ಷ ವಾಸವಿದ್ದವರನ್ನು ಮಾತ್ರ ಅಲ್ಲಿನ ನಿವಾಸಿಗಳೆಂದು ಇದರಲ್ಲಿ ಪರಿಗಣಿಸಲಾಗುತ್ತದೆ. ಚಿಕಿತ್ಸೆಗೆಂದು ತೆರಳಿದ ಗ್ರಾಮಸ್ಥರು ಆಸ್ಪತ್ರೆಯಲ್ಲಿ ನಗರದ ಬಂಧುಗಳ ಮನೆಯ ವಿಳಾಸ ಬರೆಸಿದರೆ, ನಗರದ ಅಂಕಿ ತಪ್ಪಾಗಿ ಏರಿ, ಗ್ರಾಮದಲ್ಲಿ ರೋಗವೇ ಇಲ್ಲವೆಂಬಂತೆ ತೋರುತ್ತದೆ.

ನೋಂದಣಿ ಸಿಬ್ಬಂದಿಯು ಮರಣ ದಾಖಲೆಗಳನ್ನೂ ಆಸ್ಪತ್ರೆಯ ಕಡತಗಳೊಂದಿಗೆ ತಾಳೆ ನೋಡುತ್ತಾರೆ. ಮನೆಯಲ್ಲಿ ಮೃತಪಟ್ಟವರ ಬಗ್ಗೆ ‘ವಯೋಸಹಜ’, ‘ಹೃದಯ ಸ್ತಂಭನ’ ಎಂದಷ್ಟೇ ಬರೆದಲ್ಲಿ ಬಾಯಿಯ ಅಥವಾ ಗರ್ಭಕಂಠದ ಕ್ಯಾನ್ಸರ್ ಮರೆಯಾಗಿಯೇ ಉಳಿಯುತ್ತದೆ. ಹೃದಯ ನಿಲ್ಲುವುದು ಎಲ್ಲ ಸಾವಿನಲ್ಲೂ ಉಂಟು, ಅದು ಕಾರಣವೆನಿಸದು. ಆದುದರಿಂದ 21 ದಿನಗಳೊಳಗೆ ಮರಣ ನೋಂದಾಯಿಸುವಾಗ ಚಿಕಿತ್ಸಾ ದಾಖಲೆಗಳನ್ನೂ ಹಾಜರುಪಡಿಸುವಂತೆ ಮಾನ್ಯ ಸದಸ್ಯರು ಕುಟುಂಬದವರಿಗೆ ತಿಳಿಹೇಳುವುದು.